ಕೋಟೆ ಬಿದ್ದ ತಾರೀಖು

ವನದುರ್ಗದ ಕೋಟೆ ಬಿದ್ದ ತಾರೀಖು ಹುಡುಕಿಕೊಡು ಎಂದು ಅಕ್ಕನ ಮಗ ಗಂಟುಬಿದ್ದ. ಕಲ್ಲಿನ ಕೋಟೆಯದಲ್ಲ. ಶಹಾಪುರ ತಾಲ್ಲೂಕಿನ ಆ ಊರಿನಲ್ಲಿ ಸುರಪುರದ ನಾಯಕರ ಕಾಲದ ಕೋಟೆ ತನ್ನ ಪಾಡಿಗೆ ನಿಂತಿದೆ. ಇವನದು ಮೈನ್‌ಕ್ರಾಫ್ಟ್ ಆಟದೊಳಗಿನ ವನದುರ್ಗ. ಗೆಳೆಯರು ಕೂಡಿ, ಒಬ್ಬನ ಫೋನಿನ ಹಾಟ್‌ಸ್ಪಾಟಿಗೆ ಉಳಿದವರು ಜೋಡಿಸಿಕೊಂಡು, ರಜೆಯುದ್ದಕ್ಕೂ ಕಟ್ಟಿದ್ದರು. ಗೋಡೆಯೊಳಗೆ ಗೋಡೆ, ಸುತ್ತ ಕಂದಕ, ಅದರಲ್ಲಿ ನೀರಿನ ಬದಲು ಕುದಿಯುವ ಲಾವಾ. ಎಲ್ಲ ಮುಗಿದ ಮೇಲೆ ಆ ಗುಂಪಿನವನೇ ಒಬ್ಬ ರೆಕ್ಕೆ ತೊಟ್ಟು ಹಾರಿ ಬಂದು ಒಳಗಿನ ಪೆಟ್ಟಿಗೆ ಖಾಲಿ ಮಾಡಿ ಹೋದ.

‘ಮಾಮಾ, ಗ್ವಾಡಿ ಕಟ್ಟಿ ಏನ್ ಉಪಯೋಗ ಆತು? ಮೊದ್ಲು ಹಿಂಗ ಇರ್ಲಿಲ್ಲಂತ. ಯಾವಾಗ ಕೆಡಿಸ್ಯಾರ, ನೋಡಿ ಹೇಳು.’

ಹಳೆಯ ಕಾಗದ ಓದುವ ಚಟ ಇರುವವನಿಗೆ ಇಂಥ ಪ್ರಶ್ನೆ ಬಿಡುವುದು ಕಷ್ಟ. ‘ಯಾವಾಗ ಕೆಡಿಸಿದರು’ ಅನ್ನುವುದಕ್ಕೆ ದಾಖಲೆ ಇರಲೇಬೇಕು. ಆಟವೆಂದರೆ ನಿಯಮ. ನಿಯಮ ಬದಲಾದರೆ ಯಾರೋ ಒಬ್ಬ ಒಂದು ದಿನ ಕೂತು ಬದಲಿಸಿರುತ್ತಾನೆ.

ಈ ಆಟದ ಮಟ್ಟಿಗೆ ದಾಖಲೆ ಬೇಕಾದಷ್ಟಿದೆ. 2009ರ ಮೇ ತಿಂಗಳಲ್ಲಿ ಮಾರ್ಕಸ್ ಪರ್ಸನ್ ಎಂಬ ಸ್ವೀಡನ್ನಿನ ಪ್ರೋಗ್ರಾಮರ್ ಇದರ ಮೊದಲ ರೂಪ ಹೊರಬಿಟ್ಟ. 2011ರ ನವೆಂಬರ್ 18ಕ್ಕೆ 1.0 ಬಂತು. ಆಮೇಲೆ ಹೊಣೆ ಯೆನ್ಸ್ ಬರ್ಗೆನ್‌ಸ್ಟೆನ್ ಕೈಗೆ ಹೋಯಿತು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಆಟ ತಯಾರಿಸುವ ಕಂಪನಿಯನ್ನೇ ಕೊಂಡಿತು. ಮಾಲೀಕ ಬದಲಾದರೂ ಒಂದು ರೂಢಿ ತಪ್ಪಲಿಲ್ಲ: ಪ್ರತಿ ಆವೃತ್ತಿಗೂ ಬದಲಾವಣೆಯ ಪಟ್ಟಿ, ದೊಡ್ಡ ಆವೃತ್ತಿಗೆ ಮೊದಲು ‘ಸ್ನ್ಯಾಪ್‌ಶಾಟ್’ ಎಂಬ ಕರಡುಗಳು. 2025ರವರೆಗೆ ಕರಡಿನ ಹೆಸರೇ ತಾರೀಖಾಗಿತ್ತು. 16ಡಬ್ಲ್ಯು50ಎ ಎಂದರೆ 2016ನೇ ಇಸವಿ, ಐವತ್ತನೇ ವಾರ, ಆ ವಾರದ ಮೊದಲ ಕರಡು. ನಮ್ಮ ಕಚೇರಿಗಳ ಕಡತಗಳಿಗೆ ಇಂಥ ಅಂಕಿತ ಇದ್ದಿದ್ದರೆ ಎಷ್ಟು ಸಂಶೋಧಕರ ಆಯುಷ್ಯ ಉಳಿಯುತ್ತಿತ್ತೋ.

ಕಂಪ್ಯೂಟರಿನಲ್ಲಿ ಆಡುವವರಿಗೆ ಇನ್ನೂ ಒಂದು ಭಾಗ್ಯವಿದೆ. ಆಟ ತೆರೆಯುವ ಕಿಟಕಿಯಲ್ಲೇ ಹಳೆಯ ಆವೃತ್ತಿ ಆರಿಸಿಕೊಂಡು ಅದರೊಳಗೆ ಓಡಾಡಬಹುದು. 2011ರ ನಿಯಮ ಹೇಗಿತ್ತೆಂದು ಓದಿ ತಿಳಿಯಬೇಕಿಲ್ಲ, ಆ ನಿಯಮದಡಿ ಒಂದು ರಾತ್ರಿ ಬದುಕಿ ನೋಡಬಹುದು. ಹಾಗೆಂದು ಎಲ್ಲವೂ ಉಳಿದಿಲ್ಲ. 2010ರ ಸೆಪ್ಟೆಂಬರ್ 18ರಂದು ಬಂದ ಆಲ್ಫಾ 1.1.1 ಕೆಲವೇ ತಾಸು ಇತ್ತು. ಅದನ್ನು ತೆರೆದರೆ ಪರದೆ ಬೂದು ಬಣ್ಣಕ್ಕೆ ತಿರುಗುವ ದೋಷವಿದ್ದುದರಿಂದ ಅದೇ ದಿನ ಮುಂದಿನದು ಬಂದು ಇದನ್ನು ಅಳಿಸಿತು. ಹಳೆಯ ಆವೃತ್ತಿಗಳನ್ನೇ ಕೂಡಿಡುವ ಓಮ್ನಿಆರ್ಕೈವ್ ಎಂಬ ಹವ್ಯಾಸಿ ಬಳಗ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿತ್ತು. ಸಿಕ್ಕಿದ್ದು 2021ರ ಜೂನಿನಲ್ಲಿ. ಆ ಕೆಲವು ತಾಸುಗಳೊಳಗೆ ಇಳಿಸಿಕೊಂಡಿದ್ದವರ ಜಾಡು ಹಿಡಿದು ಹೋದರು, ಒಬ್ಬರ ಹಳೆಯ ಕಂಪ್ಯೂಟರಿನಲ್ಲಿ ಅದು ಹಾಗೇ ಇತ್ತು. ಶಾಸನ ಹುಡುಕುವವರಿಗೆ ಈ ಕಥೆ ಹೊಸದಲ್ಲ.

ಆಟಗಾರರ ಮಾತು ಹುಡುಕುವುದು ಮಾತ್ರ ಬೇರೆಯೇ ಕೆಲಸ. ಬದಲಾವಣೆಯ ಪಟ್ಟಿ ಆಳುವವನ ಕಡೆಯ ದಾಖಲೆ. ಆಡುವವನ ದೂರಿಗೆ ಕಂಪನಿ ಇಟ್ಟ ಖಾತೆ ದೋಷಗಳ ಖಾತೆ. ಅಲ್ಲಿ ‘ಇದು ಅನ್ಯಾಯ’ ಎಂದು ಬರೆದರೆ ‘ಇದು ದೋಷವಲ್ಲ, ಬೇಕೆಂದೇ ಹೀಗೆ’ ಎಂಬ ಷರಾ ಬಿದ್ದು ಅರ್ಜಿ ಮುಚ್ಚುತ್ತದೆ. ಸುರಪುರದ ಚರಿತ್ರೆ ಬರೆಯುವವರಿಗೂ ಇದೇ ತೊಡಕು. 1841ರಿಂದ 1853ರವರೆಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕಥೆ ಇದೆ, ಅವನು ಸತ್ತ ಮರುವರ್ಷ 1877ರಲ್ಲಿ ಅಚ್ಚಾದದ್ದು. ಅವನು ಏನು ಸರಿಮಾಡಿದೆ ಅಂದುಕೊಂಡ ಅನ್ನುವುದು ಅದರಲ್ಲಿ ಸವಿವರವಾಗಿದೆ. ಸರಿಮಾಡಿಸಿಕೊಂಡವರು ಏನೆಂದರು ಅನ್ನುವುದೂ ಇದೆ, ಆದರೆ ಅವನ ಬಾಯಲ್ಲೇ.

ಹಾಗಾಗಿ ಮೊದಲು ಗದ್ದಲ ಹೆಚ್ಚಿದ್ದ ಕಡೆ ನೋಡಿದೆ. ‘ಆಟ ಕೆಟ್ಟಿದ್ದು ಯಾವಾಗ’ ಎಂದು ಹಳೆಯ ಆಟಗಾರರನ್ನು ಕೇಳಿದರೆ ಬಹಳ ಮಂದಿ ಒಂದೇ ಬೆರಳು ತೋರಿಸುತ್ತಾರೆ: 2016ರ ಫೆಬ್ರವರಿ 29ರ 1.9, ‘ಕಾಂಬ್ಯಾಟ್ ಅಪ್‌ಡೇಟ್’. ಅದಕ್ಕೆ ಮುಂಚೆ ಕತ್ತಿ ಬೀಸುವುದೆಂದರೆ ಮೌಸು ಎಷ್ಟು ವೇಗವಾಗಿ ಒತ್ತುತ್ತೀಯೋ ಅಷ್ಟು ಏಟು. 1.9ರಲ್ಲಿ ಪ್ರತಿ ಏಟಿನ ನಂತರ ಕೈ ಸುಧಾರಿಸಿಕೊಳ್ಳಬೇಕಾಯಿತು. ಕತ್ತಿಗೆ ಸೆಕೆಂಡಿಗೆ 1.6 ಏಟು, ಅದಕ್ಕಿಂತ ಅವಸರಪಟ್ಟರೆ ಏಟಿಗೆ ಬಲವಿಲ್ಲ. ಗುರಾಣಿ ಬಂತು. ಬೆರಳಿನ ಚುರುಕಿನ ಮೇಲೆ ಬದುಕುತ್ತಿದ್ದವರ ವಿದ್ಯೆ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು.

ಇವರ ಅಭಿಪ್ರಾಯ ಏನಾಗಿತ್ತೆಂದು ತಿಳಿಯಲು ಒಂದು ಮಾತನ್ನೂ ಓದಬೇಕಿಲ್ಲ. ಅವರು 1.8ರಲ್ಲೇ ಉಳಿದರು. 2015ರ ಡಿಸೆಂಬರಿನ 1.8.9 ಇವತ್ತಿಗೂ ಜೀವಂತವಾಗಿದೆ. ಹೈಪಿಕ್ಸೆಲ್‌ನಂಥ ದೊಡ್ಡ ಸರ್ವರಿನಲ್ಲೂ ಕಾದಾಟದ ಆಟಗಳು ಹಳೆಯ ಏಟಿನ ನಿಯಮದಲ್ಲೇ ನಡೆಯುತ್ತವೆ. 2019ರ ಜೂನಿನಲ್ಲಿ ಬರ್ಗೆನ್‌ಸ್ಟೆನ್ ತಾನೇ ಕಾದಾಟದ ಹೊಸ ನಿಯಮಗಳ ಪ್ರತ್ಯೇಕ ಕರಡು ಹೊರಡಿಸಿ ಆಟಗಾರರ ಅಭಿಪ್ರಾಯ ಕೇಳಿದ. 2020ರ ಆಗಸ್ಟಿನ ಹೊತ್ತಿಗೆ ಅದು ಎಂಟನೇ ಸುತ್ತಿಗೆ ಬಂದು ಅಲ್ಲಿಗೇ ನಿಂತಿತು. ಆ ನಿಯಮಗಳು ಮೂಲ ಆಟಕ್ಕೆ ಸೇರಲೇ ಇಲ್ಲ. ಬೈದವರಿಗೆ ಹೊಸದು ಸಿಗಲಿಲ್ಲ, ಬೈಯದೆ ಹಳೆಯದರಲ್ಲೇ ಕೂತವರಿಗೆ ಹಳೆಯದು ಉಳಿಯಿತು.

ಇದನ್ನೆಲ್ಲ ಹುಡುಗನಿಗೆ ವಿವರಿಸಿದರೆ ಅವನು ಕಣ್ಣು ಪಿಳಿಪಿಳಿ ಬಿಟ್ಟ. ಕೈ ಸುಧಾರಿಸಿಕೊಳ್ಳುವುದೇ? ‘ನಮ್ದರಾಗ ಹಂಗೇನಿಲ್ಲಲ್ಲ ಮಾಮಾ, ಒತ್ತಿದಷ್ಟೂ ಹೊಡೀತದ.’ ಅವನ ಮಾತು ನಿಜ. ಫೋನಿನ ಮೈನ್‌ಕ್ರಾಫ್ಟು ಬೇರೆ ಕವಲು. 2011ರಲ್ಲಿ ‘ಪಾಕೆಟ್ ಎಡಿಷನ್’ ಆಗಿ ಹುಟ್ಟಿ 2017ರಲ್ಲಿ ‘ಬೆಡ್‌ರಾಕ್’ ಎಂಬ ಕವಲಾಯಿತು. ಕಂಪ್ಯೂಟರಿನ ‘ಜಾವಾ’ ಕವಲಿನಲ್ಲಿ ಅಷ್ಟು ಜಗಳ ಎಬ್ಬಿಸಿದ ಆ ನಿಯಮ ಇಲ್ಲಿಗೆ ಬರಲೇ ಇಲ್ಲ. ಆಟದ ಇತಿಹಾಸದ ದೊಡ್ಡ ರಣರಂಗ ಎಂದು ಎಲ್ಲೆಲ್ಲೂ ಬರೆದಿರುವುದು ಕಂಪ್ಯೂಟರ್ ಇದ್ದವರ ರಣರಂಗ. ಹಳೆಯ ಆವೃತ್ತಿಗೆ ಮರಳುವ ದಾರಿಯೂ ಅವರಿಗೇ ಇರುವುದು. ಫೋನಿನವನದು ತಾನಾಗಿ ಅಪ್‌ಡೇಟ್ ಆಗುತ್ತದೆ, ಹಿಂದಕ್ಕೆ ಹೋಗೋಣವೆಂದರೆ ಬಾಗಿಲಿಲ್ಲ. ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಜಾವಾ ಕವಲಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಸ್ವಯಂಸೇವಕರು ಅನುವಾದಿಸಿ ಕೊಟ್ಟದ್ದು. ಕನ್ನಡದ ಹಳ್ಳಿ ಹುಡುಗರ ಕೈಯಲ್ಲಿರುವ ಬೆಡ್‌ರಾಕ್‌ನ ಪಟ್ಟಿಯಲ್ಲಿ ಇಲ್ಲ.

ಹೀಗೆ ಗದ್ದಲದ ತಾರೀಖು ಕೋಟೆಯ ತಾರೀಖಲ್ಲ ಎಂದು ಖಚಿತವಾಯಿತು. ಇನ್ನು ಗೋಡೆಯನ್ನೇ ಹಿಡಿದು ಹೋಗಬೇಕು.

ಗೋಡೆ ಏನು ಮಾಡುತ್ತದೆ? ಈ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1705ರಲ್ಲಿ ಔರಂಗಜೇಬ ಇಳಿವಯಸ್ಸಿನಲ್ಲಿ ತಾನೇ ದಂಡು ಕಟ್ಟಿಕೊಂಡು ಸುರಪುರದ ನಾಯಕರ ಕೋಟೆಯಾದ ವಾಗಿನಗೇರಿಗೆ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ಒಳಗಿದ್ದ ಪಿಡ್ಡನಾಯಕ ಸಿಗಲಿಲ್ಲ. ಎಂಥ ಗೋಡೆಯನ್ನೂ ದಾಟಬಹುದು. ದಾಟುವವನು ಎಷ್ಟು ತೆತ್ತು ದಾಟಬೇಕು ಅನ್ನುವುದನ್ನು ಗೋಡೆ ಗೊತ್ತುಮಾಡುತ್ತದೆ. ಆಟದಲ್ಲೂ ಹಾಗೇ ಇತ್ತು. ಕ್ರೀಪರ್ ಎಂಬ ಹಸಿರು ಪ್ರಾಣಿ ಗೋಡೆಯ ಪಕ್ಕಕ್ಕೆ ಬಂದು ಸಿಡಿಯುತ್ತದೆ, ಸಿಡಿದು ತಾನೂ ಸಾಯುತ್ತದೆ. ಜೇಡ ಗೋಡೆ ಹತ್ತುತ್ತದೆ, ಮೇಲ್ತುದಿಯಲ್ಲಿ ಒಂದು ಸಾಲು ಕಲ್ಲು ಹೊರಚಾಚಿ ಇಟ್ಟರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಂಡರ್ ಪರ್ಲ್ ಎಂಬ ಗುಂಡು ಎಸೆದರೆ ಅದು ಬಿದ್ದಲ್ಲಿ ನೀನೂ ಬೀಳುತ್ತೀ, ಆದರೆ ಎರಡೂವರೆ ಹೃದಯದಷ್ಟು ಪೆಟ್ಟು ತಿಂದು. ಎಲ್ಲದಕ್ಕೂ ಒಂದು ತೆರಿಗೆ. ಆಟಗಾರರು ‘ಬ್ಯಾಲೆನ್ಸ್’ ಅನ್ನುವುದು ಇದನ್ನೇ.

ರೆಕ್ಕೆಗೂ ಮೊದಲು ತೆರಿಗೆ ಇತ್ತು. ‘ಎಲಿಟ್ರಾ’ ಎಂಬ ಈ ರೆಕ್ಕೆ 2015ರ ಅಕ್ಟೋಬರಿನ 15ಡಬ್ಲ್ಯು41ಎ ಕರಡಿನಲ್ಲಿ ಮೊದಲು ಕಾಣಿಸಿ, 1.9ರಲ್ಲಿ ಖಾಯಂ ಆಯಿತು. ಅಂದರೆ ಕತ್ತಿಯ ಗಲಾಟೆ ಎದ್ದ ಅದೇ ಆವೃತ್ತಿ. ಆದರೆ ಆಗಿನ ರೆಕ್ಕೆ ತೇಲುವ ರೆಕ್ಕೆ. ಎತ್ತರದಿಂದ ಹಾರಿಕೊಂಡರೆ ನಿಧಾನಕ್ಕೆ ಕೆಳಗಿಳಿಯುತ್ತಾ ಮುಂದೆ ಹೋಗಬಹುದು, ಮೇಲೇರಲು ಬರುವುದಿಲ್ಲ. ಕೋಟೆಯೊಳಗೆ ಇಳಿಯಬೇಕಾದರೆ ಕೋಟೆಗಿಂತ ಎತ್ತರದ ಗುಡ್ಡ ಹತ್ತಿರದಲ್ಲಿರಬೇಕು. ಅದು ಕೋಟೆ ಕಟ್ಟುವವನು ನೋಡಿಕೊಳ್ಳಬೇಕಾದ ಮಾತು, ನಾಯಕರ ಕಾಲದಲ್ಲೂ.

ಬದಲಾದದ್ದು 16ಡಬ್ಲ್ಯು50ಎಯಲ್ಲಿ. 2016ರ ಡಿಸೆಂಬರ್ 15. ಪಟ್ಟಿಯಲ್ಲಿ ಕಬ್ಬಿಣದ ಚೂರು, ಕತ್ತಿಗೊಂದು ಹೊಸ ಮಂತ್ರ, ಅವುಗಳ ನಡುವೆ ಒಂದು ಸಾಲು: ರೆಕ್ಕೆಯಲ್ಲಿ ತೇಲುವಾಗ ಪಟಾಕಿ ರಾಕೆಟ್ ಹೊತ್ತಿಸಿದರೆ ಅದು ಮುಂದಕ್ಕೆ ನೂಕುತ್ತದೆ. ಅಷ್ಟೇ. ಅದುವರೆಗೆ ರಾಕೆಟ್ ಹಬ್ಬಕ್ಕೆ ಆಕಾಶದಲ್ಲಿ ಬಣ್ಣ ಹಾರಿಸುವ ಸಾಮಾನಾಗಿತ್ತು. ಮಾಡುವುದು ಸುಲಭ: ಕಬ್ಬಿನಿಂದ ಕಾಗದ, ಸತ್ತ ಕ್ರೀಪರಿನಿಂದ ಮದ್ದು, ಎರಡೂ ಒಂದೊಂದು ಕೂಡಿದರೆ ಮೂರು ರಾಕೆಟ್. ಇಷ್ಟರಿಂದ ತೇಲುವ ರೆಕ್ಕೆ ಏರುವ ರೆಕ್ಕೆಯಾಯಿತು. ಐದು ದಿನಕ್ಕೆ, ಡಿಸೆಂಬರ್ 20ರಂದು, 1.11.1 ಎಂಬ ಸಣ್ಣ ಆವೃತ್ತಿಯಾಗಿ ಅದು ಎಲ್ಲರಿಗೂ ತಲುಪಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕತ್ತಿಯ ನಿಯಮ ಬದಲಿಸಿದ 1.9ರ ಕರಡುಗಳು 2015ರ ಜುಲೈ ಕೊನೆಯಿಂದ ಮುಂದಿನ ಫೆಬ್ರವರಿ ಕೊನೆಯವರೆಗೆ ಏಳು ತಿಂಗಳು ಜನರ ಕಣ್ಣೆದುರು ಇದ್ದವು. ಕುದುರೆ, ದೋಣಿ, ಹಳಿಗಾಡಿ, ಕೋಟೆಗೋಡೆ ಎಲ್ಲವನ್ನೂ ಒಟ್ಟಿಗೆ ಅಗ್ಗ ಮಾಡಿದ ಸಾಲಿಗೆ ಸಿಕ್ಕದ್ದು ಐದು ದಿನ. ಹೆಸರಿಲ್ಲದ ಅಪ್‌ಡೇಟು, ಕ್ರಿಸ್‌ಮಸ್ಸಿನ ವಾರ. ಅದಕ್ಕೆ ಯಾರೂ ಬೊಬ್ಬೆ ಹೊಡೆಯಲಿಲ್ಲ, ಯಾಕೆಂದರೆ ಹಾರುವುದು ಎಲ್ಲರಿಗೂ ಇಷ್ಟ. ಯಾರ ಕೈಯಿಂದಲೂ ಏನೂ ಕಿತ್ತುಕೊಂಡಂತೆ ಕಾಣಲಿಲ್ಲ. ಕತ್ತಿಯನ್ನು ನಿಧಾನ ಮಾಡಿದರೆ ಕತ್ತಿಯವನಿಗೆ ನೋಯುತ್ತದೆ, ಅವನು ಕೂಗುತ್ತಾನೆ. ಗೋಡೆ ಅಗ್ಗವಾದರೆ ಗೋಡೆಯವನಿಗೆ ಗೊತ್ತಾಗುವುದು ಯಾರೋ ಅಂಗಳಕ್ಕೆ ಇಳಿದ ಮೇಲೆ.

ಫೋನಿಗೆ ರೆಕ್ಕೆ ಬಂದದ್ದೂ ಅದೇ ಡಿಸೆಂಬರಿನಲ್ಲಿ, ಪಾಕೆಟ್ ಎಡಿಷನ್ 1.0ರ ಜೊತೆ. ರಾಕೆಟ್ ಬಂದದ್ದು 1.2ರಲ್ಲಿ, 2017ರ ಸೆಪ್ಟೆಂಬರ್ 20ಕ್ಕೆ. ಹುಡುಗ ಕೇಳಿದ ತಾರೀಖು ಇದು. ಹೇಳಿದೆ. ‘ಆಗ ನಾ ಹುಟ್ಟಿದ್ನೋ ಇಲ್ಲೋ’ ಎಂದ. ಅವನ ಗುಂಪು ಅಷ್ಟರಲ್ಲಿ ತನ್ನದೇ ತೀರ್ಮಾನ ಮಾಡಿಕೊಂಡಿತ್ತು: ಕೋಟೆ ಎದುರಿನ ಬಯಲಿನಲ್ಲಿ ಇಳಿದು ನಡೆದು ಬರಬೇಕು, ಗೋಡೆ ಮೇಲೆ ಹಾರಿದವನ ರೆಕ್ಕೆ ಜಪ್ತಿ. ಜಗತ್ತಿನಾದ್ಯಂತ ಗೆಳೆಯರ ಗುಂಪುಗಳು ಇಂಥ ಮನೆನಿಯಮ ಮಾಡಿಕೊಳ್ಳುತ್ತವೆ. ಯಾವ ಖಾತೆಯಲ್ಲೂ ಇವುಗಳ ದಾಖಲೆಯಿಲ್ಲ, ಆಟದ ಸಮತೂಕದ ಬಗ್ಗೆ ಇವುಗಳಿಗಿಂತ ನೇರವಾದ ಅಭಿಪ್ರಾಯವೂ ಇಲ್ಲ.

ಕಂಪನಿಯೇ ಆಟಗಾರರ ಅಭಿಪ್ರಾಯ ಎಣಿಸಿದ ಸಂದರ್ಭವೂ ಉಂಟು, ಅದೂ ರೆಕ್ಕೆಯ ದಾರಿಯಲ್ಲೇ ಸಿಗುತ್ತದೆ. 2017ರ ನವೆಂಬರಿನಲ್ಲಿ ನಾಲ್ಕು ಹೊಸ ಪ್ರಾಣಿಗಳನ್ನು ಮುಂದಿಟ್ಟು ಯಾವುದು ಬೇಕೆಂದು ಮತ ಕೇಳಿದರು. ರಾತ್ರಿ ಆಕಾಶದಲ್ಲಿ ಹಾರುವ ಫ್ಯಾಂಟಮ್ ಗೆದ್ದಿತು. 2018ರ ಜುಲೈಯ 1.13ರಲ್ಲಿ ಅದು ಆಟಕ್ಕೆ ಬಂದಾಗ, ಮೂರು ದಿನ ಮಲಗದವನ ಮೇಲೆ ಮೇಲಿನಿಂದ ಎರಗುವ ಪೀಡೆಯಾಗಿತ್ತು. ರಾತ್ರಿಯೆಲ್ಲ ಕೂತು ಕಟ್ಟುವವರು ಶಪಿಸತೊಡಗಿದರು. ಗೆಲ್ಲಿಸಿದವರೂ ಅವರೇ ಇರಬೇಕು! 2019ರ ಡಿಸೆಂಬರಿನ 1.15ರಲ್ಲಿ ಅದನ್ನು ಆರಿಸಿಡುವ ಸ್ವಿಚ್ಚು ಕೊಟ್ಟರು. ಅದೇ ಫ್ಯಾಂಟಮಿನ ಪೊರೆಯಿಂದಲೇ ಹರಿದ ರೆಕ್ಕೆ ಹೊಲಿಯಬೇಕು ಎಂಬ ನಿಯಮವೂ 1.13ರದೇ. ಹಾರುವವನು ಆಕಾಶಕ್ಕೆ ತೆರಿಗೆ ಕಟ್ಟಲಿ ಎಂಬ ಲೆಕ್ಕ ಅಲ್ಲಿ ಕಾಣುತ್ತದೆ. ಮತದಾನ ಮುಂದೆ ಹಲವು ವರ್ಷ ನಡೆಯಿತು. 2023ರಲ್ಲಿ ಇದು ಬೇಡವೆಂದು ಲಕ್ಷಗಟ್ಟಲೆ ಜನ ಸಹಿ ಹಾಕಿದರು, 2024ರಲ್ಲಿ ನಿಂತಿತು. ಒಮ್ಮೆ ಮಾತ್ರ ದೂರು ತಕ್ಷಣ ನಾಟಿದ್ದು ನೋಡಿದೆ. 2017ರಲ್ಲಿ ಗಿಳಿ ಬಂದಾಗ ಕರಡಿನಲ್ಲಿ ಅದಕ್ಕೆ ಚಾಕೊಲೇಟ್ ಬಿಸ್ಕತ್ತು ತಿನ್ನಿಸಿ ಪಳಗಿಸಬಹುದಿತ್ತು. ಚಾಕೊಲೇಟ್ ಗಿಳಿಗೆ ವಿಷ, ಮಕ್ಕಳು ಮನೆಯ ಗಿಳಿಗೂ ಕೊಟ್ಟಾರು ಎಂದು ಆಟಗಾರರು ಹೇಳಿದ ಮೇಲೆ ಕಾಳಿಗೆ ಬದಲಾಯಿತು. ಬಿಸ್ಕತ್ತು ತಿಂದ ಗಿಳಿ ಈಗ ಆಟದಲ್ಲೂ ಸಾಯುತ್ತದೆ.

ರೆಕ್ಕೆಯ ಲೆಕ್ಕ ಇಲ್ಲಿಗೆ ಮುಗಿಯಬಹುದಿತ್ತು. ರೆಕ್ಕೆಗೆ 432 ಸೆಕೆಂಡಿನ ಆಯಸ್ಸು, ಅಂದರೆ ಏಳು ನಿಮಿಷ ಹನ್ನೆರಡು ಸೆಕೆಂಡಿನ ಹಾರಾಟ. ಸವೆದರೆ ಪೊರೆ ಬೇಕು, ಪೊರೆಗೆ ಫ್ಯಾಂಟಮ್ ಬೇಕು, ಫ್ಯಾಂಟಮಿಗೆ ನಿದ್ದೆಗೆಡಬೇಕು. ಹಾಗಿದ್ದರೆ ಗೋಡೆ ಹಾರುವುದು ಅಷ್ಟು ಅಗ್ಗ ಆಗಬಾರದಿತ್ತಲ್ಲ? ಇದಕ್ಕೆ ಉತ್ತರ ಇನ್ನೊಂದು ಕಡತದಲ್ಲಿತ್ತು, ರೆಕ್ಕೆಯ ಹೆಸರೇ ಇಲ್ಲದ ಕಡತದಲ್ಲಿ.

1.9ರಲ್ಲಿಯೇ ಬಂದ ‘ಮೆಂಡಿಂಗ್’ ಎಂಬ ಮಂತ್ರವನ್ನು ರೆಕ್ಕೆಗೆ ಹಾಕಿದರೆ, ಆಟಗಾರ ಗಳಿಸುವ ಅನುಭವದಿಂದ ರೆಕ್ಕೆ ತಾನೇ ದುರಸ್ತಿಯಾಗುತ್ತದೆ. ಮೊದಲಿಗೆ ಅದು ಅದೃಷ್ಟವಿದ್ದವನ ಪೆಟ್ಟಿಗೆಯಲ್ಲೋ ಗಾಳದಲ್ಲೋ ಸಿಗುತ್ತಿತ್ತು. 2019ರ ಏಪ್ರಿಲಿನ 1.14ರಲ್ಲಿ ಹಳ್ಳಿಗಳ ವ್ಯವಸ್ಥೆ ಬದಲಿಸಿದರು. ಹಳ್ಳಿಗನ ಮುಂದೆ ಓದುಪೀಠ ಇಟ್ಟರೆ ಅವನು ಗ್ರಂಥಪಾಲಕನಾಗಿ ಮಂತ್ರದ ಪುಸ್ತಕ ಮಾರುತ್ತಾನೆ. ಅವನ ಬಳಿ ಬೇಕಾದ ಪುಸ್ತಕ ಇಲ್ಲವೇ? ಪೀಠ ಒಡೆದುಹಾಕು, ಮತ್ತೆ ಇಡು, ಸರಕು ಬದಲಾಗುತ್ತದೆ. ಮೆಂಡಿಂಗ್ ಬರುವವರೆಗೆ ಒಡೆ, ಇಡು. ಬೆಲೆ 10ರಿಂದ 38 ಪಚ್ಚೆ. ಆ ಬಡಪಾಯಿಯನ್ನು ಜಾಂಬಿಯಿಂದ ಕಚ್ಚಿಸಿ ಮತ್ತೆ ಗುಣಪಡಿಸಿದರೆ ಕೃತಜ್ಞತೆಗೆ ರಿಯಾಯಿತಿ, ಆಗೆಲ್ಲ ಮತ್ತೆ ಮತ್ತೆ ಹಾಗೆ ಮಾಡಿದರೆ ಒಂದೇ ಪಚ್ಚೆಗೆ ಇಳಿಯುತ್ತಿತ್ತು. ಆಟಗಾರರು ಸಾಲು ಸಾಲು ಗೂಡು ಕಟ್ಟಿ ಗ್ರಂಥಪಾಲಕರನ್ನು ಕೂಡಿಹಾಕಿದರು. ‘ಟ್ರೇಡಿಂಗ್ ಹಾಲ್’ ಎಂಬ ಮರ್ಯಾದಸ್ಥ ಹೆಸರು ಅದಕ್ಕೆ. ಅಲ್ಲಿಗೆ ಕೊಂಡಿ ಕೂಡಿತು. ಗೋಡೆ ಬೀಳಿಸಿದ್ದು ರೆಕ್ಕೆ, ರೆಕ್ಕೆಯನ್ನು ಏರಿಸಿದ್ದು ರಾಕೆಟ್, ರೆಕ್ಕೆಯನ್ನು ಅಮರ ಮಾಡಿದ್ದು ಈ ಗೂಡಿನ ಗ್ರಂಥಪಾಲಕ.

2023ರ ಆಗಸ್ಟ್ ಮೊದಲಲ್ಲಿ 23ಡಬ್ಲ್ಯು31ಎ ಕರಡು ಇದಕ್ಕೇ ಕೈಹಾಕಿತು. ರಿಯಾಯಿತಿ ಒಮ್ಮೆ ಮಾತ್ರ ಎಂದಿತು. ಜೊತೆಗೆ, ಬೇಕಾದವರು ಆರಿಸಿಕೊಂಡು ನೋಡಲಿ ಎಂದು ‘ಪ್ರಯೋಗ’ದ ಹೆಸರಿನಲ್ಲಿ ಇನ್ನೊಂದು ನಿಯಮ ಇಟ್ಟಿತು: ಸುರಪುರದ ಸಂತೆಗೆ ಒಂದು ಸರಕು, ಶಹಾಪುರದ ಸಂತೆಗೆ ಇನ್ನೊಂದು ಎಂಬಂತೆ, ಗ್ರಂಥಪಾಲಕ ಯಾವ ಸೀಮೆಯವನೋ ಆ ಸೀಮೆಯ ಪುಸ್ತಕ ಮಾತ್ರ ಮಾರಬೇಕು. ಮರುಭೂಮಿಯಲ್ಲಿ ಒಂದು, ಹಿಮದಲ್ಲಿ ಒಂದು. ಮೆಂಡಿಂಗ್ ಜವುಗು ನೆಲದವನ ಬಳಿ, ಅದೂ ಅವನು ಕಸುಬಿನ ಕೊನೆಯ ಮಟ್ಟ ಮುಟ್ಟಿದ ಮೇಲೆ. ತಮಾಷೆಯೆಂದರೆ ಜವುಗಿನಲ್ಲಿ ಹಳ್ಳಿಗಳು ತಾವಾಗಿ ಹುಟ್ಟುವುದಿಲ್ಲ. ಎಲ್ಲಿಂದಲೋ ಇಬ್ಬರು ಹಳ್ಳಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಅಲ್ಲಿ ಬಾಳು ಹೂಡಿಸಿ, ಹುಟ್ಟಿದ ಕೂಸು ದೊಡ್ಡದಾಗಿ ಗ್ರಂಥಪಾಲಕ ಆಗಬೇಕು. ನನಗಂತೂ ಇಡೀ ದಾಖಲೆಯಲ್ಲಿ ಇದಕ್ಕಿಂತ ಸೊಗಸಾದ ನಿಯಮ ಕಾಣಲಿಲ್ಲ. ಅಲ್ಲೊಂದು ವಲಸೆ ಇದೆ, ವ್ಯಾಪಾರದ ದಾರಿ ಇದೆ, ದಾರಿ ಕಾಯಲು ಕೋಟೆಗೆ ಕಾರಣವಿದೆ.

ಪ್ರತಿಭಟನೆ ಜೋರಾಗಿ ಎದ್ದಿತು. ಅದರಲ್ಲಿ ತೂಕವಿರುವ ಮಾತೂ ಇತ್ತು: ಆಟ ಶುರುಮಾಡುವವನಿಗೆ ಇದು ವಿಪರೀತ ಅಲೆದಾಟ, ಜವುಗು ದೂರ ಬಿದ್ದ ಜಗತ್ತಿನವನು ಏನು ಮಾಡಬೇಕು, ಮೆಂಡಿಂಗ್ ಇಷ್ಟು ಬೇಕಾಗಿರುವುದೇ ಸಾಮಾನು ಬೇಗ ಸವೆಯುವುದರಿಂದ, ಅದನ್ನು ಮೊದಲು ಸರಿಮಾಡಿ. ಓದುತ್ತಾ ಹೋದರೆ ಇನ್ನೊಂದು ದನಿ ಕೇಳಿಸುತ್ತದೆ. ಕಟ್ಟಿ ಮುಗಿಸಿದ ಹಾಲ್‌ಗಳ, ಕೂಡಿಟ್ಟ ಗ್ರಂಥಪಾಲಕರ, ಒಂದು ಪಚ್ಚೆಯ ದರದ ದನಿ. ಭೂಸುಧಾರಣೆ ಕಾಯಿದೆ ಬಂದಾಗಿನ ದೊಡ್ಡ ಹಿಡುವಳಿದಾರರ ಅರ್ಜಿಗಳನ್ನು ಓದಿದವರಿಗೆ ಅದರ ರಾಗ ಪರಿಚಿತ. ಗೋಡೆಯ ಪರವಾಗಿ ಮಾತಾಡಿದವರು ಮಾತ್ರ ನನಗೆ ಸಿಗಲಿಲ್ಲ. ಈ ನಿಯಮದಿಂದ ಹಾರಾಟ ತುಟ್ಟಿಯಾಗಿ ಕೋಟೆಗೆ ಮತ್ತೆ ಬೆಲೆ ಬಂದೀತು ಎಂದು ಲೆಕ್ಕ ಹಾಕಿದವರು, ಗೂಡು ಕಟ್ಟುವಷ್ಟು ಆಟ ಬೆಳೆಸಿಕೊಳ್ಳದವರು, ಫೋನಿನಲ್ಲಿ ಆಡಿ ಮಲಗುವವರು ಆ ವಾದದಲ್ಲಿ ಇರಲೇ ಇಲ್ಲ.

2023ರ ಸೆಪ್ಟೆಂಬರ್ 21ರ 1.20.2ರಲ್ಲಿ ರಿಯಾಯಿತಿಯ ಕಡಿತ ಖಾಯಂ ಆಯಿತು, ಸೀಮೆಯ ಪುಸ್ತಕದ ನಿಯಮ ಪ್ರಯೋಗವಾಗಿಯೇ ಉಳಿಯಿತು. 2024ರ ಜೂನಿನ 1.21ರಲ್ಲಿ ಎತ್ತರದಿಂದ ಬಿದ್ದಷ್ಟೂ ಏಟಿನ ಬಲ ಹೆಚ್ಚಿಸುವ ಗದೆ ಬಂತು, ರೆಕ್ಕೆಯವನಿಗೆ ಅದೂ ದಕ್ಕಿತು. 2025ರ ಮಾರ್ಚಿನ 1.21.5ರಲ್ಲಿ ಆ ಹಳೆಯ ಪ್ರಯೋಗದಿಂದ ಎರಡು ತುಂಡು ಕತ್ತರಿಸಿ ಮೂಲ ಆಟಕ್ಕೆ ಸೇರಿಸಿದರು. ಒಂದು ಅಲೆಮಾರಿ ವ್ಯಾಪಾರಿಯದು, ಇನ್ನೊಂದು ನಕಾಶೆ ಮಾರುವವನದು. ಇಬ್ಬರ ಸರಕೂ ಸುಧಾರಿಸಿತು, ಯಾರ ಆಸ್ತಿಗೂ ಧಕ್ಕೆಯಾಗಲಿಲ್ಲ, ಯಾರೂ ಕೂಗಲಿಲ್ಲ. ಗ್ರಂಥಪಾಲಕನ ತುಂಡನ್ನು ಆಗ ಮುಟ್ಟಲಿಲ್ಲ. ಅದೇ ವರ್ಷದ ಜೂನಿನಲ್ಲಿ ನಾಲ್ವರನ್ನು ಹೊತ್ತು ನಿಧಾನಕ್ಕೆ ಹಾರುವ ‘ಹ್ಯಾಪಿ ಘಾಸ್ಟ್’ ಎಂಬ ಪ್ರಾಣಿಯನ್ನು ಕೊಟ್ಟರು, ಆಟದ ಶುರುವಿನಲ್ಲೇ ಪಳಗಿಸಬಹುದಾದದ್ದು. ಈಗ ಹಾರಲು ರೆಕ್ಕೆಯೂ ಬೇಕಿಲ್ಲ.